ಅಕ್ಕನ ಹದಿನಾಲ್ಕು ಲಕ್ಷ

೧೧ ಜನವರಿ ೨೦೨೫, ಶನಿವಾರ. ಬೀದರ

ಬೆಳಿಗ್ಗೆ ಹತ್ತೂಕಾಲಿಗೆ ಬ್ಯಾಂಕಿನ ಮೆಸೇಜು ಬಂತು. ಪಿಎಫ್ ಜೊತೆಗಿದ್ದ ವಿಮೆಯ ಹಣ ಜಮಾ ಆಗಿದೆ. ಕಳೆದ ತಿಂಗಳು ಬಂದ ಪಾಲಿಸಿ ಹಣವನ್ನೂ ಅಕ್ಕನ ಉಳಿತಾಯವನ್ನೂ ಕೂಡಿಸಿದರೆ ಖಾತೆಯಲ್ಲಿ ಈಗ ಹದಿನಾಲ್ಕು ಲಕ್ಷದ ಇಪ್ಪತ್ತು ಸಾವಿರ ಚಿಲ್ಲರೆ ಇದೆ. ನನ್ನ ಖಾತೆ ಹೋದ ತಿಂಗಳವರೆಗೆ ಹನ್ನೊಂದು ಸಾವಿರದ ಮೇಲೆ ಕಂಡಿರಲಿಲ್ಲ. ಅದೂ ಅಕ್ಕ ಕಳಿಸಿದ ದಿನ ಮಾತ್ರ.

ಸ್ಕ್ರೀನನ್ನು ನಾಲ್ಕೈದು ಸಲ ನೋಡಿದೆ. ಸಂತೋಷವೂ ಆಗಲಿಲ್ಲ, ಅಳುವೂ ಬರಲಿಲ್ಲ. ಕೆಳಗಿನ ಹೋಟೆಲಿಗೆ ಹೋಗಿ ಸುಸಲಾ ತಿಂದು ಬಂದೆ.

ಅಕ್ಕ ಪ್ರಣಾಲಿ ಭಾಲ್ಕಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಹೋದ ಅಕ್ಟೋಬರ್ ಹತ್ತೊಂಬತ್ತಕ್ಕೆ ಡೆಂಗ್ಯೂ ಜ್ವರದಲ್ಲಿ, ಹೈದರಾಬಾದಿಗೆ ಒಯ್ಯುವಾಗ, ಜಹೀರಾಬಾದ ದಾಟುವ ಮೊದಲೇ ಹೋಗಿಬಿಟ್ಟಳು. ಮೂವತ್ತೊಂದು ವರ್ಷ. ಮದುವೆ ಆಗಿರಲಿಲ್ಲ. ಎಲ್ಲ ಕಾಗದಗಳಲ್ಲೂ ನನ್ನ ಹೆಸರು ಬರೆಸಿದ್ದಳು.

ಅವಳು ಇದ್ದಾಗ ದಿನಾ ಸಂಜೆ ಏಳಕ್ಕೆ ಫೋನು ಮಾಡಿ ‘ಇವತ್ತ ಏನೇನ ಓದ್ದಿ, ಏನ ತಿಂದಿ’ ಎಂದು ಕೇಳುತ್ತಿದ್ದಳು. ಹೇಳಿಕೊಳ್ಳುವ ಚಟ ಉಳಿದುಬಿಟ್ಟಿದೆ. ಅದಕ್ಕೇ ಈ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

೧೯ ಜನವರಿ, ಭಾನುವಾರ. ಡಾಬಕಾ

ಊರಿಗೆ ಬಂದಿದ್ದೇನೆ. ಅವ್ವ ಬೇರೆಯವರ ಹೊಲಕ್ಕೆ ತೊಗರಿ ಕೊಯ್ಯಲು ಹೋಗಿದ್ದಳು. ಹಣ ಬಂದಿದೆ ಎಂದು ಹೋದ ವಾರವೇ ಫೋನಿನಲ್ಲಿ ಹೇಳಿದ್ದೆ, ಆದರೂ ಕೂಲಿಗೆ ಹೋಗಿದ್ದಾಳೆ.

ಮಧ್ಯಾಹ್ನ ಕೈಲಾಶ ಮಾಮಾ ಔರಾದಿನಿಂದ ಬಂದರು. ಅವ್ವನ ತಮ್ಮ. ತಹಶೀಲ್ ಕಚೇರಿಯ ಮುಂದೆ ಟೇಬಲ್ ಹಾಕಿಕೊಂಡು ಬಾಂಡ್ ಬರೆಯುತ್ತಾರೆ, ಹೀಗಾಗಿ ಯಾವ ಊರಿನಲ್ಲಿ ಯಾವ ಜಾಗ ಮಾರಾಟಕ್ಕಿದೆ ಎಂದು ಅವರಿಗೆ ಗೊತ್ತು.

“ಭಾಲ್ಕಿ ರೋಡಿಗಿ ಒಂದು ಪ್ಲಾಟ್ ಅದ. ಮೂವತ್ತು ನಲವತ್ತು. ಹದಿಮೂರು ಲಕ್ಷ ಹೇಳ್ಲತಾರ, ನಾ ಕೂತ್ರ ಹನ್ನೆರಡಕ್ಕ ತರ್ತೇನಿ. ಭೂಮಿ ಅಂದ್ರ ಎಲ್ಲಿಗೂ ಓಡಿ ಹೋಗಂಗಿಲ್ಲ ನೋಡು ಧಮ್ಮಾ.”

“ಮಾಮಾ, ಬ್ಯಾಂಕಿನ್ಯಾಗ ಇಟ್ರ?”

“ಬ್ಯಾಂಕಿನ್ಯಾಗ ಇಟ್ರ ತಿಂದು ತೇಗ್ತೀ. ಪ್ಲಾಟ್ ಯಾರೂ ತಿನ್ನಂಗಿಲ್ಲ.”

ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಬಡಿಯುವುದನ್ನು ನಿಲ್ಲಿಸಿದಳು. “ನನ್ನ ಮನ್ಯಾಗ ಆ ರೊಕ್ಕದ ಸುದ್ದಿ ತೆಗೀಬ್ಯಾಡ್ರಿ,” ಎಂದಳು. ಮಾಮಾ ನನ್ನ ಮುಖ ನೋಡಿದರು. ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಅವ್ವನಿಗೆ ಲೆಕ್ಕ ತಿಳಿಯುವುದಿಲ್ಲ. ನಾನೇ ತೀರ್ಮಾನ ಮಾಡಬೇಕು. ಹೇಗೂ ಹಣ ನನ್ನದೇ.

೩ ಫೆಬ್ರುವರಿ, ಸೋಮವಾರ. ಬೀದರ

ಬ್ಯಾಂಕಿನಲ್ಲಿ ನನಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಾಲ್ಕು ವರ್ಷದಿಂದ ಅದೇ ಬ್ಯಾಂಕಿಗೆ ಹೋಗುತ್ತಿದ್ದೇನೆ, ಪಾಸ್‌ಬುಕ್ ಎಂಟ್ರಿಗೆ ‘ನಾಳೆ ಬರ್ರಿ’ ಎನ್ನುತ್ತಿದ್ದರು. ಮೇಡಂ ಒಬ್ಬರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಹದಿನಾಲ್ಕು ಲಕ್ಷವನ್ನು ಮ್ಯೂಚುವಲ್ ಫಂಡಿನಲ್ಲಿ ಹಾಕಿ ಮುಟ್ಟದೆ ಬಿಟ್ಟರೆ, ವರ್ಷಕ್ಕೆ ಹನ್ನೆರಡು ಪರ್ಸೆಂಟ್ ಎಂದು ಹಿಡಿದರೆ, ಇಪ್ಪತ್ತು ವರ್ಷಕ್ಕೆ ಒಂದು ಕೋಟಿ ಮೂವತ್ತೈದು ಲಕ್ಷ.

“ಗ್ಯಾರಂಟಿ ಏನ್ರೀ?” ಎಂದೆ.

“ಗ್ಯಾರಂಟಿ ಇರಂಗಿಲ್ರಿ ಸರ್. ಆದ್ರ ತಾಳ್ಮಿ ಇರ್ಬೇಕು.”

ನನ್ನನ್ನು ಸರ್ ಎಂದ ಮೊದಲ ಮನುಷ್ಯರು ಇವರೇ ಇರಬೇಕು.

ದಾರಿಯಲ್ಲಿ ಲೆಕ್ಕ ಹಾಕಿದೆ. ಇಪ್ಪತ್ತು ವರ್ಷಕ್ಕೆ ನನಗೆ ನಲವತ್ತನಾಲ್ಕು. ಅವ್ವನಿಗೆ ಎಪ್ಪತ್ತಾರು. ಅಕ್ಕನಿಗೆ ಐವತ್ತೊಂದು ಎಂದು ಎಣಿಸಿ ಆಗಿತ್ತು, ಆಮೇಲೆ ನೆನಪಾಯಿತು.

೨೦ ಫೆಬ್ರುವರಿ, ಗುರುವಾರ

ಸರ್ಕಾರಿ ನೌಕರಿಯ ಪರೀಕ್ಷೆಯ ಪಟ್ಟಿ ಬಂತು. ನನ್ನ ಹೆಸರಿಲ್ಲ. ಇದು ಮೂರನೆಯ ಸಲ.

೨೭ ಫೆಬ್ರುವರಿ, ಗುರುವಾರ

ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿ, ಗೋಣಿಚೀಲದ ಅಂಗಡಿಯ ಮೇಲೆ ನಮ್ಮ ರೂಮು. ನನ್ನ ಜೊತೆ ಇರುವವನು ಎಕಂಬಾದ ಅಮಿತಕುಮಾರ. ಅವನೂ ನನ್ನಂತೆಯೇ ಪರೀಕ್ಷೆಗೆಂದು ಬಂದವನು. ಒಂದು ವರ್ಷದಿಂದ ಪುಸ್ತಕ ಬಿಟ್ಟು ಮೊಬೈಲಿನಲ್ಲಿ ಶೇರು ಆಡುತ್ತಾನೆ. ಆಪ್ಷನ್ ಅನ್ನುತ್ತಾರೆ. ಬಜಾರು ಏರುತ್ತದೋ ಬೀಳುತ್ತದೋ ಎಂದು ಪಣ ಕಟ್ಟಿದ ಹಾಗೆ.

“ಈಗ ಬಜಾರ್ ಬೀಳ್ಲತದ. ಬೀಳತದ ಅಂತ ಹಚ್ಚಿದ್ರ ಸಾಕು, ರೊಕ್ಕ ತಾನೇ ಬರ್ತದ,” ಎಂದ. ಸುಳ್ಳಲ್ಲ. ಮೊನ್ನೆ ಐವತ್ತು ಸಾವಿರ ಹಚ್ಚಿದೆ, ಇವತ್ತು ಏಳು ಸಾವಿರದ ಇನ್ನೂರು ಲಾಭ. ಅಕ್ಕ ನನಗೆ ತಿಂಗಳಿಗೆ ಆರು ಸಾವಿರ ಕಳಿಸುತ್ತಿದ್ದಳು. ಅದನ್ನು ನಾನು ಎರಡು ದಿನದಲ್ಲಿ ದುಡಿದೆ.

ಇಬ್ಬರೂ ಹೋಗಿ ಬಿರಿಯಾನಿ ತಿಂದೆವು. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

೬ ಮಾರ್ಚ್, ಗುರುವಾರ

ಇನ್ನೂ ಒಂದೂವರೆ ಲಕ್ಷ ಹಾಕಿದ್ದೇನೆ. ಬಜಾರು ಸ್ವಲ್ಪ ಏರಿದೆ, ಆದರೆ ಮತ್ತೆ ಬೀಳಲೇಬೇಕು ಎಂದು ಅಮಿತ ಹೇಳುತ್ತಾನೆ. ಕೈಲಾಶ ಮಾಮಾ ಎರಡು ಸಲ ಫೋನು ಮಾಡಿದರು. ಎತ್ತಲಿಲ್ಲ.

೨೦ ಮಾರ್ಚ್, ಗುರುವಾರ

ಬೀಳಲಿಲ್ಲ. ವಾರವಿಡೀ ಏರಿತು.

ಒಂದು ಲಕ್ಷ ಎಂಬತ್ತಮೂರು ಸಾವಿರ ಹೋಯಿತು.

೨೩ ಮಾರ್ಚ್, ಭಾನುವಾರ

ಅಮಿತ ಎಕಂಬಾಕ್ಕೆ ಹೋದ. ಅವನ ಅಣ್ಣ ಟ್ರ್ಯಾಕ್ಟರಿಗೆಂದು ಕೊಟ್ಟಿದ್ದ ತೊಂಬತ್ತು ಸಾವಿರವೂ ಹೋಗಿದೆ. ಹೋಗುವಾಗ ಬಾಗಿಲಲ್ಲಿ ನಿಂತು, “ನಾ ನಿನಗ ಬೇಕಂತ ಮಾಡಿಲ್ಲಲೇ ಧಮ್ಮಾ,” ಎಂದು ಅತ್ತ. ನಾನು ಬೈಯಲಿಲ್ಲ. ಬಟನ್ ಒತ್ತಿದ್ದು ನನ್ನ ಬೆರಳೇ.

ಮೂರು ದಿನದಿಂದ ಹೊರಗೆ ಹೋಗಿಲ್ಲ. ಕಿಟಕಿಯಿಂದ ತೊಗರಿಯ ಧೂಳು ಬರುತ್ತದೆ, ಹಮಾಲರ ಕೂಗು ಬರುತ್ತದೆ.

ಇಲ್ಲಿಯವರೆಗೆ ಬರೆಯದೆ ಬಿಟ್ಟಿದ್ದ ಒಂದು ಮಾತಿದೆ. ಅಕ್ಟೋಬರ್ ಹದಿನಾರಕ್ಕೆ, ಬುಧವಾರ, ಅಕ್ಕ ಏಳು ಗಂಟೆಗೆ ಫೋನು ಮಾಡಲಿಲ್ಲ. ನಾನೇ ಮಾಡಿದೆ. ಆರೋಗ್ಯ ಕೇಳಲು ಅಲ್ಲ. ಟೆಸ್ಟ್ ಸೀರೀಸಿಗೆ ಮೂರೂವರೆ ಸಾವಿರ ಕಟ್ಟಬೇಕಿತ್ತು, ಮರುದಿನವೇ ಕೊನೆಯ ದಿನ. ಅವಳ ಧ್ವನಿ ಸಣ್ಣಗಿತ್ತು. “ಸ್ವಲ್ಪ ಜ್ವರ ಬಂದಾವ ಧಮ್ಮಾ, ಹಾಕ್ತೇನಿ ತಡಿ,” ಎಂದಳು. “ಲಗೂನ ಹಾಕು, ಆಮ್ಯಾಲ ಲಿಂಕ್ ಬಂದ್ ಆಗ್ತದ,” ಎಂದೆ ನಾನು. ಹತ್ತು ನಿಮಿಷದಲ್ಲಿ ಹಣ ಬಂತು. ಗುಳಿಗೆ ತಗೊಂಡೆಯಾ ಎಂದು ಕೇಳಲಿಲ್ಲ. ಅದೇ ನಮ್ಮ ಕೊನೆಯ ಮಾತು.

ಆ ಟೆಸ್ಟುಗಳಲ್ಲಿ ನಾನು ಎರಡನ್ನು ಮಾತ್ರ ಬರೆದಿದ್ದೇನೆ.

೨ ಏಪ್ರಿಲ್, ಬುಧವಾರ. ಔರಾದ

ಕೈಲಾಶ ಮಾಮಾರ ಟೇಬಲ್ಲಿಗೆ ಹೋದೆ. ಬಿಸಿಲಿಗೆ ಗೋಣಿತಟ್ಟಿನ ನೆರಳು ಕಟ್ಟಿಕೊಂಡು ಯಾರದೋ ಪಾಲುಪತ್ರ ಬರೆಯುತ್ತಿದ್ದರು. ಬರೆಯಿಸುವವರು ಎದ್ದು ಹೋಗುವವರೆಗೆ ಕಾದು, ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕೆ ಇಟ್ಟರು.

“ಪ್ಲಾಟ್ ತಗೋ ಅಂದಾಗ ನನ್ನದೂ ಆಸಿ ಇತ್ತು ಅದರಾಗ,” ಎಂದರು. “ಕಮಿಷನ್ ಸಿಗ್ತಿತ್ತು. ಸುಳ್ಳ್ಯಾಕ ಹೇಳ್ಲಿ.” ಆಮೇಲೆ ಕೇಳಿದರು, “ಆ ರೊಕ್ಕ ಯಾರದು, ಗೊತ್ತದೇನು ನಿನಗ?”

“ಕಾಗದದಾಗ ನನ್ನ ಹೆಸರು ಅದಲ್ರಿ.”

“ಕಾಗದದಾಗ ಹೆಸರು ಇದ್ರ ರೊಕ್ಕ ನಿನ್ನ ಕೈಗಿ ಬರ್ತದ, ಅಷ್ಟ. ಹಕ್ಕು ಬ್ಯಾರೆ. ಲಗ್ನ ಆಗದ ಹೆಣ್ಮಗಳು, ತಂದಿ ಇಲ್ಲ. ಕಾಯದಾ ಪ್ರಕಾರ ಅದು ನಿಮ್ಮವ್ವಂದು. ಪೂರಾ.”

“ಮೊದಲ್ಯಾಕ ಹೇಳಲಿಲ್ಲ ಮಾಮಾ?”

“ನಿಮ್ಮವ್ವ ಹೇಳಬ್ಯಾಡ ಅಂದಿದ್ಳು. ಹುಡುಗನ ಕೈಯಾಗ ಇರಲಿ, ಅಕಿ ಅಂವನ ಸಲುವಾಗಿ ಇಟ್ಟಾಳ ಅಂದ್ಳು.”

ಬಸ್ಸಿನಲ್ಲಿ ಡಾಬಕಾಕ್ಕೆ ಟಿಕೆಟ್ ಕೇಳಬೇಕು ಎಂದುಕೊಂಡವನು ಬೀದರಕ್ಕೆ ಕೇಳಿಬಿಟ್ಟೆ. ಅವ್ವನ ಮುಖ ನೋಡುವ ಧೈರ್ಯ ಇರಲಿಲ್ಲ.

೯ ಏಪ್ರಿಲ್, ಬುಧವಾರ. ಭಾಲ್ಕಿ

ಅಕ್ಕನ ಬಾಡಿಗೆ ರೂಮು ಇನ್ನೂ ಖಾಲಿ ಮಾಡಿರಲಿಲ್ಲ. ಅವ್ವ ಇವತ್ತು ನಾಳೆ ಎನ್ನುತ್ತಿದ್ದಳು. ನಾನೂ ಪರೀಕ್ಷೆ ಎಂದು ಹೇಳಿ ತಪ್ಪಿಸಿಕೊಂಡಿದ್ದೆ. ಆರು ತಿಂಗಳ ಬಾಡಿಗೆ ಬಾಕಿ ಇರುತ್ತದೆ, ಕೊಟ್ಟು ಸಾಮಾನು ತರೋಣ ಎಂದು ಇವತ್ತು ಹೋದೆ.

ಮನೆಯ ಒಡತಿ ಗುಂಡಮ್ಮ. ವಯಸ್ಸಾದವರು, ಹಣೆ ತುಂಬ ವಿಭೂತಿ. ನನ್ನನ್ನು ನೋಡಿ ಸೆರಗು ಬಾಯಿಗೆ ಹಿಡಿದರು. ನೀರು ಕೊಟ್ಟರು. ನಾನು ಹಣ ತೆಗೆದೆ.

“ಯಾತರ ರೊಕ್ಕಪಾ ಇದು?”

“ಬಾಡಗಿರಿ. ನವೆಂಬರದಿಂದ.”

“ಬಾಡಗಿ ಎಲ್ಲಿ ಬಾಕಿ ಅದ? ತಿಂಗಳಾ ಐದನೇ ತಾರೀಖಿಗಿ ಬರ್ಲತದಲ್ಲ. ಮೆಡಿಕಲ್ಲಿನ ವೈಜಿನಾಥ ಕೊಡ್ಲತಾನ. ನೀವೇ ಹೇಳೀರಿ ಅಂತ ತಿಳಕೊಂಡಿದ್ದೆ ನಾ.”

ಆ ಹೆಸರನ್ನು ನಾನು ಕೇಳಿರಲಿಲ್ಲ.

ಮೆಡಿಕಲ್ ಅಂಗಡಿ ಆಸ್ಪತ್ರೆಯ ಎದುರಿಗೇ ಇತ್ತು. ಕೌಂಟರಿನ ಹಿಂದೆ ಮೂವತ್ತನಾಲ್ಕು ಮೂವತ್ತೈದರ ಮನುಷ್ಯ. ನಾನು ಬಾಯಿ ತೆರೆಯುವ ಮೊದಲೇ, “ಧಮ್ಮಪಾಲ ಅಲ್ರೀ?” ಎಂದರು.

“ನಿಮಗ ಹ್ಯಾಂಗ ಗೊತ್ತು?”

“ದಿನಾ ನಿಮ್ಮ ಸುದ್ದಿನೇ ಇರ್ತಿತ್ತಲ್ರಿ. ಫೋಟೋನೂ ನೋಡೀನಿ.” ಶಟರನ್ನು ಅರ್ಧ ಎಳೆದು, ನನಗೆ ಸ್ಟೂಲ್ ಕೊಟ್ಟರು. ತಾವು ನಿಂತೇ ಇದ್ದರು. “ಮಣ್ಣಿಗಿ ಬಂದಿದ್ದೆ ನಾ. ದವಾಖಾನಿ ಮಂದಿ ಜೋಡಿ ಹಿಂದ ನಿಂತಿದ್ದೆ.”

ಅವರೇ ಹೇಳುತ್ತಾ ಹೋದರು.

“ಆರು ವರ್ಷರಿ. ಮೊದಲ ಮೂರು ವರ್ಷ ನಮ್ಮವ್ವ ಒಪ್ಪಲಿಲ್ಲ. ಜಾತಿ ಬ್ಯಾರೆ ಅಂತ ಊಟ ಬಿಟ್ಳು, ನನ್ನ ಜೋಡಿ ಮಾತ ಬಿಟ್ಳು. ನಾ ಬ್ಯಾರೆ ಹುಡುಗಿ ನೋಡ್ಲಿಕ್ಕಿ ಹೋಗಲಿಲ್ಲ. ಆಮ್ಯಾಲ ಒಂದಿನ ಅಕಿನೇ, ಹೋಗು, ಆ ಹುಡುಗಿಗಿ ಕರ್ಕೊಂಡು ಬಾ, ನೋಡ್ತೇನಿ ಅಂದ್ಳು. ನೋಡಿದ್ಳು. ನೋಡಿ ತನ್ನ ಪಾಟ್ಲಿ ತೆಗದು ಪ್ರಣಾಲಿ ಕೈಗಿ ಹಾಕಿ ಅಳತಿ ನೋಡಿದ್ಳು.”

“ಮತ್ತ?”

“ಮತ್ತ ಪ್ರಣಾಲಿ ತಡೀರಿ ಅಂದ್ಳು. ತಮ್ಮಂದೊಂದು ನೌಕರಿ ಆಗಲಿ ಅಂದ್ಳು.”

ದೂಷಿಸುವ ಧ್ವನಿಯಲ್ಲಿ ಹೇಳಲಿಲ್ಲ. ಗಾಜನ್ನು ಬಟ್ಟೆಯಿಂದ ಒರೆಸುತ್ತಾ ಹೇಳಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದರು.

“ಎಷ್ಟು ವರ್ಷ ತಡದ್ರಿ?”

“ಮೂರು.”

ಮೂರು ಸಲ ಪಟ್ಟಿ ಬಂದಾಗಲೂ ನಾನು, ಪ್ರಶ್ನೆಪತ್ರಿಕೆ ಸರಿಯಿರಲಿಲ್ಲ, ಮುಂದಿನ ಸಲ ಖಂಡಿತ ಆಗುತ್ತದೆ ಎಂದಿದ್ದೆ. ಎರಡು ಸಲ ಅವಳಿಗೆ. ಮೂರನೆಯ ಸಲ ಗೋಡೆಗೆ.

ಜ್ವರದ ಸುದ್ದಿಯನ್ನೂ ಹೇಳಿದರು. “ರಿಪೋರ್ಟ್ ನಾನೇ ನೋಡ್ಲತಿದ್ದೆ. ಪ್ಲೇಟ್ಲೆಟ್ ಇಳೀಲತಾವ, ಗುರುವಾರ ಮುಂಜಾನೇ ಹೈದರಾಬಾದಿಗಿ ಹೋಗೋಣ ಅಂದೆ. ಅಲ್ಲಿ ಒಂದೂವರಿ ಲಕ್ಷ ಆಗ್ತದ, ಇನ್ನೊಂದಿನ ನೋಡೋಣ ಅಂದ್ಳು. ನಾ ಕೊಡ್ತೇನಿ ಅಂದ್ರ ಸಿಟ್ಟಿಗಿ ಬಂದ್ಳು. ಅಕಿ ಮಾತು ಕೇಳಬಾರದಿತ್ತು ನಾ. ಎತ್ತಿಕೊಂಡು ಹೋಗಬೇಕಿತ್ತು.”

ಒಂದೂವರೆ ಲಕ್ಷ.

ಬಾಡಿಗೆಯ ಹಣವನ್ನು ಕೌಂಟರಿನ ಮೇಲೆ ಇಟ್ಟೆ. ಅವರು ಹಿಂದಕ್ಕೆ ನೂಕಿದರು. “ಖಾಲಿ ಮಾಡ್ಬೇಕಲ್ರಿ?” ಎಂದರು. “ಮಾಡ್ರಿ. ಆದ್ರ ಈ ತಿಂಗಳು ಬ್ಯಾಡ. ಮುಂದಿನ ತಿಂಗಳು ನಾನೇ ಸಾಮಾನು ಹಾಕ್ಕೊಂಡು ಬರ್ತೇನಿ.”

ಹ್ಞೂಂ ಎಂದೆ. ರೂಮಿನ ಬೀಗ ತೆಗೆಯದೆ ಬಂದೆ.

೧೪ ಏಪ್ರಿಲ್, ಸೋಮವಾರ. ಡಾಬಕಾ

ಇವತ್ತು ಜಯಂತಿ. ಊರ ತುಂಬ ನೀಲಿ ಬಾವುಟ. ವಿಹಾರದಲ್ಲಿ ವಂದನೆ ಆಯಿತು, ಮೆರವಣಿಗೆ ಆಯಿತು. ಅವ್ವ ಬಿಳಿ ಸೀರೆ ಉಟ್ಟು ಎಲ್ಲರ ಹಿಂದೆ ಕೂತಿದ್ದಳು.

ಊಟ ಆದಮೇಲೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಹತ್ತಿರ ಹೋಗಿ ಕೂತೆ. “ಅವ್ವಾ, ಒಂದು ಲಕ್ಷ ಎಂಬತ್ತಮೂರು ಸಾವಿರ ಕಳದೆ,” ಎಂದೆ. ಹೇಗೆ ಕಳೆದೆ ಎಂದೂ ಹೇಳಿದೆ. ಅವಳ ಕೈ ಮೊರದಲ್ಲಿ ಆಡುತ್ತಲೇ ಇತ್ತು.

“ಹೋಗ್ಲಿ,” ಎಂದಳು.

“ನಿನ್ನ ರೊಕ್ಕ ಅವ್ವಾ ಅದು.”

“ಹೋಗ್ಲಿ ಅಂದೆನಲ್ಲ.”

ಆಮೇಲೆ ವೈಜಿನಾಥರ ವಿಷಯ ಹೇಳಿದೆ. “ನನ್ನ ಸಲುವಾಗಿ ಅಕ್ಕ ತಡದ್ಳು ಅವ್ವಾ. ನಾ ಪಾಸಾಗಿದ್ರ ಅಕಿ ಲಗ್ನ ಆಗಿರ್ತಿತ್ತು,” ಎಂದೆ.

ಆಗ ಕೈ ನಿಂತಿತು.

“ನನಗ ಗೊತ್ತಿತ್ತು,” ಎಂದಳು. ಮತ್ತೆ ಹೇಳಿದಳು, “ಮೂರು ವರ್ಷದ ಹಿಂದ ದೀಪಾವಳಿಗಿ ಬಂದಾಗ ಹೇಳಿದ್ಳು. ಹಿಂಗಿಂಗ ಒಬ್ರು ಅದಾರ ಅವ್ವಾ, ಅವರ ಮನ್ಯಾಗೂ ಒಪ್ಯಾರ ಅಂತ. ನಾ ಏನಂದೆ ಗೊತ್ತದೇನು? ನೀ ಲಗ್ನ ಆಗಿ ಹ್ವಾದ್ರ ನಿನ್ನ ಪಗಾರ ಆ ಮನಿಗಿ ಹೋಗ್ತದ, ತಮ್ಮನ ಗತಿ ಏನು ಅಂದೆ. ಒಂದು ವರ್ಷ ತಡಿ ಅಂದೆ. ಹ್ಞೂಂ ಅಂದ್ಳು. ಮರುವರ್ಷ ಮತ್ತ ಕೇಳಿದ್ಳು. ಮತ್ತ ಅದೇ ಅಂದೆ.”

“ಮೂರನೇ ವರ್ಷ?”

“ಮೂರನೇ ವರ್ಷ ಅಕಿ ಕೇಳಲೇ ಇಲ್ಲ.”

ಮೊರದ ಜೋಳ ನೆಲಕ್ಕೆ ಸುರಿದುಹೋಯಿತು. ಇಬ್ಬರೂ ಕೂತು ಒಂದೊಂದೇ ಕಾಳು ಆರಿಸಿದೆವು.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವ್ವ ಅದನ್ನು ಹೇಳಿದಾಗ ಒಂದು ಕ್ಷಣ ನನಗೆ ಹಗುರವಾಯಿತು. ತಪ್ಪು ನನ್ನೊಬ್ಬನದಲ್ಲ ಎಂದು. ಆಮೇಲೆ ಅವ್ವನ ಬೆನ್ನು ನೋಡಿದೆ. ಇಷ್ಟು ತಿಂಗಳು ಅವಳು ಒಬ್ಬಳೇ ಇದನ್ನು ಹೊತ್ತುಕೊಂಡು ಕೂಲಿಗೆ ಹೋಗುತ್ತಿದ್ದಳು. ನಾನು ಅವಳಿಗೆ ಲೆಕ್ಕ ತಿಳಿಯುವುದಿಲ್ಲ ಎಂದುಕೊಂಡಿದ್ದೆ.

ಸಂಜೆ ರೊಟ್ಟಿ ನಾನು ಬಡಿದೆ. ಎರಡು ಹರಿದವು, ಒಂದು ಹೊತ್ತಿತು. ಅವ್ವ ಹೊತ್ತಿದ್ದನ್ನೇ ತಿಂದಳು.

೨೮ ಏಪ್ರಿಲ್, ಸೋಮವಾರ. ಬೀದರ

ಕೆಲಸಕ್ಕೆ ಸೇರಿದೆ. ಗಂಜಿನಲ್ಲಿ ಅಬ್ದುಲ ವಾಹೀದ ಸೇಠರ ಅಡತಿ ಅಂಗಡಿ. ರೈತರು ತಂದ ತೊಗರಿ, ಕಡಲೆ ತೂಗಿದ್ದಕ್ಕೆ ಚೀಟಿ ಬರೆಯಬೇಕು. ಹನ್ನೆರಡು ಸಾವಿರ. “ಇಷ್ಟು ಓದೀರಿ, ಎಷ್ಟು ದಿನ ನಿಲ್ತೀರಿ?” ಎಂದು ಸೇಠರು ಕೇಳಿದರು. ಗೊತ್ತಿಲ್ರಿ ಎಂದೆ. ನಕ್ಕು, ಖರೆ ಹೇಳಿದ್ರಿ ಎಂದರು.

ಸಂಜೆ ಕಾಲು ನೋಯುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದ ಅಕ್ಕನಿಗೂ ಹೀಗೇ ಆಗುತ್ತಿತ್ತೇನೋ. ಕೇಳಿದ್ದಿಲ್ಲ.

೩ ಮೇ, ಶನಿವಾರ

ಏನೂ ಬರೆಯುವಂಥದ್ದಿಲ್ಲ. ಏಳು ಗಂಟೆ ಆಯಿತು ಅಷ್ಟೇ. ಅವ್ವನಿಗೆ ಫೋನು ಮಾಡಿ ಉಂಡೆಯಾ ಎಂದು ಕೇಳಿದೆ.

೧೨ ಮೇ, ಸೋಮವಾರ. ಡಾಬಕಾ

ಬುದ್ಧ ಪೂರ್ಣಿಮೆ. ಸೇಠರು ರಜೆ ಕೊಟ್ಟರು.

ಹನ್ನೊಂದರ ಸುಮಾರಿಗೆ ವೈಜಿನಾಥರು ಒಂದು ಟಂಟಂ ಗಾಡಿಯಲ್ಲಿ ಅಕ್ಕನ ಸಾಮಾನು ಹಾಕಿಕೊಂಡು ಬಂದರು. ಒಂದು ಟ್ರಂಕು, ಗ್ಯಾಸಿನ ಒಲೆ, ಫ್ಯಾನು, ಎರಡು ಚೀಲ ಪಾತ್ರೆ. ಹನ್ನೆರಡು ವರ್ಷ ದುಡಿದ ಹೆಣ್ಣುಮಗಳ ಸಂಸಾರ ಗಾಡಿಯ ಅರ್ಧಕ್ಕೂ ಬಂದಿರಲಿಲ್ಲ. ನಾವಿಬ್ಬರೇ ಇಳಿಸಿದೆವು. ಬಟ್ಟೆಗಳನ್ನು ಮಡಚಿ, ನಡುವೆ ನ್ಯಾಫ್ತಲಿನ್ ಗುಳಿಗೆ ಇಟ್ಟಿದ್ದರು.

ಅವ್ವ ಬಾಗಿಲ ಬಳಿ ನಿಂತಿದ್ದಳು. ಅವರ ಹಣೆಯ ವಿಭೂತಿ ನೋಡಿದಳು, ನನ್ನನ್ನು ನೋಡಿದಳು. ಕೊನೆಗೆ ಕೇಳಿದಳು, “ನಮ್ಮಲ್ಲಿ ಉಣ್ತೀರೇನ್ರೀ?”

“ಹಸಗೊಂಡೇ ಬಂದೀನ್ರಿ ಅವ್ವಾರ.”

ಅವ್ವ ಒಳಗೆ ಹೋಗಿ ಹೊಸ ಚಾಪೆ ಹಾಸಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಹಬ್ಬಕ್ಕೆಂದು ಮಾಡಿದ ಖೀರು. ಅವರು ತಲೆ ಬಗ್ಗಿಸಿ ಉಂಡರು. ಅವ್ವ ಎದುರಿಗೆ ಕೂತು ಅವರು ಉಣ್ಣುವುದನ್ನು ನೋಡಿದಳು. ಎರಡನೆಯ ರೊಟ್ಟಿ ಹಾಕುವಾಗ ಕೇಳಿದಳು, “ನನ್ನ ಮ್ಯಾಲ ಸಿಟ್ಟದೇನಪಾ?” ‘ರೀ’ ಬಿಟ್ಟುಹೋಗಿತ್ತು.

ವೈಜಿನಾಥರು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು. “ಇತ್ತ್ರಿ. ಭಾಳ ಇತ್ತು. ಆದ್ರ ಅಕಿಗಿ ನಿಮ್ಮ ಮ್ಯಾಲ ಇರಲಿಲ್ಲ. ನಾ ಏನರ ಅಂದ್ರ, ‘ನಮ್ಮವ್ವ ನಮ್ಮಿಬ್ಬರನ್ನ ಹ್ಯಾಂಗ ಸಾಕ್ಯಾಳ ನಿಮಗ ಗೊತ್ತಿಲ್ಲ’ ಅಂತ ನನ್ನ ಜೋಡಿನೇ ಜಗಳ ಮಾಡ್ತಿದ್ಳು. ಅಕಿ ಮುಂದ ನನ್ನ ಸಿಟ್ಟು ನಡೀಲಿಲ್ರಿ.”

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಕ್ಟೋಬರಿನಲ್ಲಿ ಕೂಡ ಅವಳು ಹೀಗೆ ಅತ್ತಿರಲಿಲ್ಲ.

ಹೋಗುವ ಮೊದಲು ನಾನು ಹಣದ ವಿಷಯ ತೆಗೆದೆ. ಅಕ್ಕನ ದುಡ್ಡಿನಲ್ಲಿ ನಿಮಗೂ ಹಕ್ಕಿದೆ ಎಂದೆ. ಅವರು ನಕ್ಕರು. ಆ ನಗು ನೋಡಲಾಗಲಿಲ್ಲ.

“ನನಗ ಯಾತರ ಹಕ್ಕು? ಆದ್ರ ಅಕಿ ಒಂದು ಮಾತು ಹೇಳ್ತಿದ್ಳು. ಅವ್ವನ ಹೆಸರ್ಲೆ ಪೋಸ್ಟಿನ್ಯಾಗ ರೊಕ್ಕ ಇಟ್ಟು, ತಿಂಗಳಾ ತಿಂಗಳಾ ಬಡ್ಡಿ ಬರಂಗ ಮಾಡಬೇಕು. ಅಕಿದು ಕೂಲಿ ಬಿಡಸಬೇಕು ಅಂತ. ಹತ್ತಿರ ಹತ್ತಿರ ಮೂರು ಲಕ್ಷ ಕೂಡಿಸಿದ್ಳು. ಇನ್ನೂ ಕೂಡಲಿ ಅಂತ ತಡದಿದ್ಳು.”

ಗಾಡಿ ಹತ್ತುವಾಗ ಅವ್ವ ಹೊರಗೆ ಬಂದು ಹೇಳಿದಳು, “ನೀ ಲಗ್ನ ಮಾಡ್ಕೋಪಾ. ತಡೀಬ್ಯಾಡ.”

ಅವರು ಬಗ್ಗಿ ಅವಳ ಕಾಲು ಮುಟ್ಟಿ ಹೋದರು.

೧ ಜೂನ್, ಭಾನುವಾರ. ಬೀದರ

ಕೈಲಾಶ ಮಾಮಾ ಬಂದಿದ್ದರು. ಇಬ್ಬರೂ ಕೂತು ಕಾಗದದ ಮೇಲೆ ಬರೆದೆವು. ಉಳಿದಿರುವುದು ಹನ್ನೆರಡು ಲಕ್ಷ ಮೂವತ್ತೇಳು ಸಾವಿರ. ಒಂಬತ್ತು ಲಕ್ಷ ಪೋಸ್ಟಿನ ಮಾಸಿಕ ಆದಾಯಕ್ಕೆ, ತಿಂಗಳಿಗೆ ಐದು ಸಾವಿರದ ಐನೂರ ಐವತ್ತು ಬರುತ್ತದೆ. ಮೂರು ಲಕ್ಷ ಬ್ಯಾಂಕಿನಲ್ಲಿ ಐದು ವರ್ಷಕ್ಕೆ. ಉಳಿದದ್ದು ಕೈಖರ್ಚಿಗೆ, ಆಸ್ಪತ್ರೆಗೆ. ಎಲ್ಲವೂ ಅವ್ವನ ಹೆಸರಿನಲ್ಲಿ. ನಾನು ಕಳೆದದ್ದನ್ನು ತಿಂಗಳಿಗೆ ಮೂರು ಸಾವಿರದಂತೆ ಹಾಕುತ್ತಾ ಹೋಗುತ್ತೇನೆ. ಐದು ವರ್ಷ ಹಿಡಿಯುತ್ತದೆ.

“ಇಪ್ಪತ್ತು ವರ್ಷಕ್ಕ ಕೋಟಿ ಆಗ್ತದ ಅಂದಿದ್ದಿಯಲ್ಲ?” ಎಂದು ಮಾಮಾ ಕೇಳಿದರು.

“ಅವ್ವನ ಕೈಯಾಗ ಇಪ್ಪತ್ತು ವರ್ಷ ಎಲ್ಲಿ ಅದಾವ ಮಾಮಾ,” ಎಂದೆ.

ಅವ್ವ ಇನ್ನೂ ಒಪ್ಪಿಲ್ಲ. ಅಕ್ಕ ಇಡಬೇಕೆಂದಿದ್ದ ಜಾಗದಲ್ಲೇ ಇಡುತ್ತಿದ್ದೇವೆ ಎಂದು ದಿನಾ ಹೇಳುತ್ತಿದ್ದೇನೆ.

೨೪ ಜೂನ್, ಮಂಗಳವಾರ. ಔರಾದ, ಡಾಬಕಾ

ಅವ್ವ ಒಪ್ಪಿದಳು. ನಿನ್ನೆ ಫೋನಿನಲ್ಲಿ ತಾನಾಗಿಯೇ, “ನಾಳಿ ಹೋಗೋಣೇನು?” ಎಂದಳು. ಸೇಠರಿಗೆ ಹೇಳಿ ಬೆಳಗಿನ ಬಸ್ಸಿಗೇ ಬಂದೆ.

ಔರಾದಿನ ಪೋಸ್ಟಾಫೀಸಿನಲ್ಲಿ ಗದ್ದಲ ಇರಲಿಲ್ಲ. ಹೊರಗೆ ಸಣ್ಣ ಮಳೆ. ಅವ್ವ ಜಯಂತಿಗೆ ಉಟ್ಟಿದ್ದ ಬಿಳಿ ಸೀರೆಯನ್ನೇ ಉಟ್ಟಿದ್ದಳು. ಕೌಂಟರಿನಲ್ಲಿದ್ದ ಹುಡುಗಿ ಹೊಸಬಳು, ನನ್ನ ವಯಸ್ಸಿನವಳು, ಬಹಳ ಸಮಾಧಾನದಿಂದ ಅವ್ವನಿಗೆ ಸ್ಟೂಲ್ ಹಾಕಿಸಿದಳು. ಫಾರ್ಮನ್ನು ತಾನೇ ತುಂಬಿಕೊಡುತ್ತೇನೆ ಎಂದಳು. ಹೆಸರು, ಊರು, ಆಧಾರ್ ಎಲ್ಲ ಆಯಿತು. ಫೋಟೋ ಅಂಟಿಸಲು ಗೋಂದು ಬೇಕಿತ್ತು. ತರಲು ನಾನು ಪಕ್ಕದ ಟೇಬಲ್ಲಿಗೆ ಹೋದೆ.

ಹಿಂದಿನಿಂದ ಕೇಳಿಸಿತು. “ನಿಮ್ಮ ನಂತರ ರೊಕ್ಕ ಯಾರಿಗಿ ಹೋಗ್ಬೇಕು ಅವ್ವಾರ? ಹೆಸರು ಹೇಳ್ರಿ.”

“ಪ್ರಣಾಲಿ,” ಎಂದಳು ಅವ್ವ.

“ನಿಮಗೇನಾಗ್ಬೇಕು?”

“ಮಗಳು. ಹಿರೇ ಮಗಳು.”

“ವಯಸ್ಸು?”

“ಮೂವತ್ತೊಂದು.”

ನಾನು ತಿರುಗಿದೆ. ಅವ್ವ ನೇರವಾಗಿ ಕೂತಿದ್ದಳು. ಮುಖದಲ್ಲಿ ಗೊಂದಲವೂ ಇರಲಿಲ್ಲ, ದುಃಖವೂ ಇರಲಿಲ್ಲ. ಸರಿಯಾದ ಉತ್ತರ ಕೊಟ್ಟವಳ ಹಾಗಿದ್ದಳು. ಹುಡುಗಿಯ ಪೆನ್ನು ಆಗಲೇ ಬರೆದು ಮುಗಿಸಿತ್ತು. ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ಅಕ್ಕನ ಪೂರ್ತಿ ಹೆಸರು.

“ಅವರ ಆಧಾರ್ ಕಾಪಿ ತಂದೀರೇನ್ರೀ?” ಎಂದು ಹುಡುಗಿ ನನ್ನನ್ನು ಕೇಳಿದಳು.

ನಾನು ಕೌಂಟರಿನ ಹತ್ತಿರ ಬಗ್ಗಿ, ಅವ್ವನಿಗೆ ಕೇಳಿಸದ ಹಾಗೆ ಹೇಳಿದೆ. ಹುಡುಗಿ ತುಟಿ ಕಚ್ಚಿಕೊಂಡಳು. ಆ ಸಾಲಿನ ಮೇಲೆ ಗೆರೆ ಹೊಡೆಯಲು ಪೆನ್ನು ಇಟ್ಟಳು.

“ಹೊಡೀಬ್ಯಾಡ್ರಿ,” ಎಂದೆ. “ಬ್ಯಾರೆ ಫಾರ್ಮ್ ಕೊಡ್ರಿ.”

ಕೊಟ್ಟಳು. ಹೊಸ ಫಾರ್ಮಿನಲ್ಲಿ ಆ ಜಾಗದಲ್ಲಿ ನನ್ನ ಹೆಸರು ನಾನೇ ಬರೆದೆ. ಅವ್ವ ಮೂರು ಕಡೆ ಸಹಿ ಹಾಕಿದಳು, ಪ್ರತಿ ಅಕ್ಷರಕ್ಕೂ ನಿಂತು ನಿಂತು. ಹಳೆಯ ಫಾರ್ಮನ್ನು ಹುಡುಗಿ ಬುಟ್ಟಿಗೆ ಹಾಕಲಿಲ್ಲ, ಮಡಚಿ ನನ್ನ ಕೈಗೆ ಕೊಟ್ಟಳು.

ಹೊರಗೆ ಮೆಟ್ಟಿಲ ಮೇಲೆ ಮಳೆ ನಿಲ್ಲಲೆಂದು ನಿಂತೆವು. ಅವ್ವ ನನ್ನ ಕಡೆ ನೋಡದೆ ಕೇಳಿದಳು.

“ನಾ ಏನರ ತಪ್ಪು ಹೇಳಿದ್ನೇನು ಧಮ್ಮಾ?”

“ಇಲ್ಲವ್ವಾ,” ಎಂದೆ. “ಫಾರ್ಮ್ ತಪ್ಪಿತ್ತು.”